ಮೂರು ಪಂದ್ಯಗಳ ನಿಷೇಧ, ಆಡದೆ ಉಳಿದದ್ದು ಒಂದೇ ಪಂದ್ಯ

ರಘು ಅಣ್ಣ (ಸುದ್ದಿಯೊಂದನ್ನು ಹಂಚಿಕೊಂಡು):
2025ರ ನವೆಂಬರ್ 13ರಂದು ಡಬ್ಲಿನ್‌ನಲ್ಲಿ ನಡೆದ 2026ರ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಐರ್ಲೆಂಡ್‌ನ ಡಾರಾ ಓಶೇ ಅವರಿಗೆ ಮೊಣಕೈಯಿಂದ ಹೊಡೆದು ರೆಡ್ ಕಾರ್ಡ್ ಪಡೆದಿದ್ದ ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಮೇಲೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಮೂರು ಪಂದ್ಯಗಳ ನಿಷೇಧ ಹೇರಿದೆ. ಆದರೆ ಅದರಲ್ಲಿ ಎರಡು ಪಂದ್ಯಗಳ ಶಿಕ್ಷೆಯನ್ನು ಒಂದು ವರ್ಷದ ಪ್ರೊಬೇಷನ್ ಮೇಲೆ ತಡೆಹಿಡಿದಿದೆ, ಅಂದರೆ ಆ ಅವಧಿಯಲ್ಲಿ ಮತ್ತೆ ಅಂತಹ ತಪ್ಪು ಮಾಡಿದರೆ ಮಾತ್ರ ಅದು ಜಾರಿಗೆ ಬರುತ್ತದೆ. ಉಳಿದ ಒಂದನ್ನು ಅವರು ಅರ್ಮೇನಿಯಾ ಎದುರಿನ ಪಂದ್ಯದಲ್ಲಿ ಹೊರಗುಳಿದು ಆಗಲೇ ತೀರಿಸಿಯಾಗಿದೆ. ಹೀಗಾಗಿ ವಿಶ್ವಕಪ್‌ನ ಮೊದಲ ಪಂದ್ಯದಿಂದಲೇ ಅವರು ಮೈದಾನಕ್ಕೆ ಇಳಿಯಬಹುದು. ಇದೇ ಮೊಣಕೈ ಬೇರೆ ಯಾರದ್ದಾಗಿದ್ದರೂ ಇದೇ ತೀರ್ಪು ಬರುತ್ತಿತ್ತೇ ಎಂಬುದನ್ನು ಎಲ್ಲರೂ ಹೇಳಿ.

ದೊಡ್ಡಪ್ಪ:
ರಘು, ಸುದ್ದಿಯನ್ನು ಓದಿದೆ. ನೀನು ಕೇಳಿದ ಪ್ರಶ್ನೆಯಲ್ಲೇ ಉತ್ತರವನ್ನೂ ಅಡಗಿಸಿ ಇಟ್ಟಿದ್ದೀಯ. ಪೋರ್ಚುಗಲ್ ಪರವಾಗಿ 226 ಪಂದ್ಯಗಳನ್ನು ಆಡಿದ ವ್ಯಕ್ತಿಗೆ ಇದು ಮೊದಲ ರೆಡ್ ಕಾರ್ಡ್ ಎಂಬುದನ್ನು ಮರೆಯಬೇಡ. ಮೊದಲ ಸಲ ತಪ್ಪು ಮಾಡಿದವನ ಹಿಂದಿನ ನಡತೆಯನ್ನು ತೂಗಿ ನೋಡುವುದು ಎಲ್ಲ ನ್ಯಾಯ ವ್ಯವಸ್ಥೆಗಳಲ್ಲೂ ಇದೆ. ನಾನು ವಕೀಲಿ ಮಾಡುತ್ತಿದ್ದ ಕಾಲದಲ್ಲಿ ಎಷ್ಟೋ ಕಕ್ಷಿದಾರರ ಪರವಾಗಿ ಇದೇ ಮಾತನ್ನು ನ್ಯಾಯಾಧೀಶರ ಮುಂದೆ ಇಟ್ಟಿದ್ದೇನೆ. ಫಿಫಾದ ಶಿಸ್ತು ಸಂಹಿತೆಯ 27ನೇ ವಿಧಿ ಶಿಕ್ಷೆಯನ್ನು ತಡೆಹಿಡಿಯುವ ಅಧಿಕಾರವನ್ನು ಸ್ಪಷ್ಟವಾಗಿಯೇ ಕೊಡುತ್ತದೆ. ನಿಯಮ ಮೀರಿ ಯಾರೂ ಏನನ್ನೂ ಮಾಡಿಲ್ಲ.

ನಾನು:
ದೊಡ್ಡಪ್ಪ, ನಿಯಮ ಮೀರಿದ್ದಾರೆ ಎಂದು ನಾನೂ ಹೇಳುವುದಿಲ್ಲ. ನನ್ನ ಆಕ್ಷೇಪ ಬೇರೆಯದು. ಅದೇ ಸಂಹಿತೆಯ 14ನೇ ವಿಧಿಯಲ್ಲಿ ಎದುರಾಳಿಯ ಮೇಲೆ ಹಲ್ಲೆ ಮಾಡಿದರೆ ಕನಿಷ್ಠ ಮೂರು ಪಂದ್ಯಗಳ ನಿಷೇಧ ಎಂದಿದೆ, ಮತ್ತು ಹಲ್ಲೆಯ ಪಟ್ಟಿಯಲ್ಲಿ ಮೊಣಕೈಯಿಂದ ಹೊಡೆಯುವುದನ್ನು ಹೆಸರಿಸಿಯೇ ಸೇರಿಸಿದೆ. ಕನಿಷ್ಠ ಎಂಬ ಮಿತಿಯನ್ನು ಒಂದು ವಿಧಿಯಲ್ಲಿ ಬರೆದು, ಅದನ್ನು ಮೂರರಲ್ಲಿ ಒಂದಕ್ಕೆ ಇಳಿಸುವ ಬಾಗಿಲನ್ನು ಇನ್ನೊಂದರಲ್ಲಿ ತೆರೆದಿಟ್ಟರೆ, ಆ ಬಾಗಿಲು ಯಾರಿಗೆ ಮತ್ತು ಏಕೆ ತೆರೆಯಿತು ಎಂಬುದನ್ನು ತೆರೆದವರೇ ಹೇಳಬೇಕು. ನಮಗೆ ಓದಲು ಸಿಕ್ಕ ಪ್ರಕಟಣೆಯಲ್ಲಿ ವಿಧಿಯ ಸಂಖ್ಯೆ ಇದೆ, ಪ್ರೊಬೇಷನ್ ಅವಧಿ ಇದೆ. ಮೂರರಲ್ಲಿ ಎರಡನ್ನೇ ಏಕೆ ತಡೆಹಿಡಿದರು ಎಂಬುದಿಲ್ಲ. 226 ಪಂದ್ಯಗಳ ಲೆಕ್ಕ ನೀವು ಮುಂದಿಟ್ಟ ಸಮರ್ಥನೆಯೇ ಹೊರತು ಶಿಕ್ಷೆ ಕೊಟ್ಟವರು ನಮಗೆ ಬರೆದು ಕೊಟ್ಟದ್ದಲ್ಲ.

ಇನ್ನು ವಿಶ್ವಕಪ್ ಹೊಸ್ತಿಲಲ್ಲಿ ನಿಂತವರೆಲ್ಲರಿಗೂ ಇಂತಹ ಕೃಪೆ ಸಿಕ್ಕಿದೆಯೇ ಎಂದು ನೋಡೋಣ. 2013ರ ನವೆಂಬರ್‌ನಲ್ಲಿ ಐಸ್‌ಲೆಂಡ್ ವಿರುದ್ಧದ ಪ್ಲೇ-ಆಫ್‌ನಲ್ಲಿ ಕ್ರೊವೇಷಿಯಾದ ಮಾರಿಯೊ ಮಾಂಜುಕಿಚ್ ರೆಡ್ ಕಾರ್ಡ್ ಪಡೆದರು. 2014ರ ವಿಶ್ವಕಪ್‌ನ ಉದ್ಘಾಟನಾ ಪಂದ್ಯವೇ ಅವರ ತಂಡದ್ದಾಗಿತ್ತು, ಎದುರಿಗೆ ಆತಿಥೇಯ ಬ್ರೆಜಿಲ್ ಇತ್ತು, ಆದರೂ ಅವರು ಹೊರಗೇ ಕೂರಬೇಕಾಯಿತು. ಅದಕ್ಕೂ ಹಿಂದೆ ಹೋದರೆ 1962ರ ಸೆಮಿಫೈನಲ್‌ನಲ್ಲಿ ಚಿಲಿ ವಿರುದ್ಧ ಮೈದಾನದಿಂದ ಹೊರಹಾಕಲ್ಪಟ್ಟ ಬ್ರೆಜಿಲ್‌ನ ಗರಿಂಚಾ, ಕೆಲವೇ ದಿನಗಳಲ್ಲಿ ಚೆಕೊಸ್ಲೊವಾಕಿಯಾ ಎದುರಿನ ಫೈನಲ್‌ನಲ್ಲಿ ಆಡಿದರು. ಆ ಟೂರ್ನಿಯಲ್ಲಿ ಜನ ನೋಡಲು ಬರುತ್ತಿದ್ದದ್ದು ಯಾರನ್ನು ಎಂಬುದು ನಿಮಗೂ ಗೊತ್ತು.

ವೀಣಕ್ಕ:
ನಾನು ಇದನ್ನು ಇನ್ನೊಂದು ಕಡೆಯಿಂದ ನೋಡುತ್ತೇನೆ. ತಾರೆಗೆ ಒಂದು ನ್ಯಾಯ, ಸಾಮಾನ್ಯನಿಗೆ ಒಂದು ನ್ಯಾಯ ಎಂಬುದಕ್ಕಿಂತ, ಈ ಸಂಸ್ಥೆಗಳಿಗೆ ಯಾವ ತಪ್ಪು ನಿಜವಾಗಿ ನೋವು ಕೊಡುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 2012ರ ಒಂದೇ ವರ್ಷವನ್ನು ತೆಗೆದುಕೊಳ್ಳಿ. ಮ್ಯಾಂಚೆಸ್ಟರ್ ಸಿಟಿಯ ಕಪ್ಪು ಆಟಗಾರರ ವಿರುದ್ಧ ಅಭಿಮಾನಿಗಳು ಜನಾಂಗೀಯ ನಿಂದನೆಯ ಕೂಗು ಹಾಕಿದ್ದಕ್ಕೆ ಪೋರ್ಟೊ ಕ್ಲಬ್‌ಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಹಾಕಿದ ದಂಡ 20,000 ಯೂರೊ. ಅದಾದ ಮೇಲೆ ಸ್ಪೋರ್ಟಿಂಗ್ ಲಿಸ್ಬನ್ ವಿರುದ್ಧದ ಪಂದ್ಯದಲ್ಲಿ ದ್ವಿತೀಯಾರ್ಧಕ್ಕೆ ತುಸು ತಡವಾಗಿ ಬಂದದ್ದಕ್ಕೆ ಅದೇ ಸಿಟಿ ತಂಡ ತೆತ್ತದ್ದು 30,000 ಯೂರೊ. ಯೂರೊ ಕಪ್‌ನಲ್ಲಿ ಡೆನ್ಮಾರ್ಕ್‌ನ ನಿಕ್ಲಾಸ್ ಬೆಂಟ್ನರ್ ಗೋಲು ಹೊಡೆದ ಸಂಭ್ರಮದಲ್ಲಿ ಚಡ್ಡಿಯ ಸೊಂಟಪಟ್ಟಿಯ ಮೇಲಿದ್ದ ಬೆಟ್ಟಿಂಗ್ ಕಂಪನಿಯೊಂದರ ಹೆಸರನ್ನು ತೋರಿಸಿದ್ದಕ್ಕೆ 1,00,000 ಯೂರೊ ದಂಡ, ಜೊತೆಗೆ ಒಂದು ಪಂದ್ಯದ ನಿಷೇಧ. ಮನುಷ್ಯನನ್ನು ಬಣ್ಣದ ಹೆಸರಿನಲ್ಲಿ ಹೀಯಾಳಿಸಿದ್ದಕ್ಕಿಂತ ಪ್ರಾಯೋಜಕರಲ್ಲದವರ ಹೆಸರು ಕ್ಯಾಮೆರಾಕ್ಕೆ ಕಂಡದ್ದು ಐದು ಪಟ್ಟು ದೊಡ್ಡ ಅಪರಾಧವಾಗಿ ಹೋಯಿತು. ಈ ಲೆಕ್ಕವನ್ನು ಓದಿದಾಗ ನನಗಾದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದರ ಮರುವರ್ಷ, 2013ರಲ್ಲಿ, ಯುಇಎಫ್‌ಎ ಜನಾಂಗೀಯ ನಿಂದನೆ ಮಾಡಿದ ಆಟಗಾರನಿಗೆ ಕನಿಷ್ಠ 10 ಪಂದ್ಯಗಳ ನಿಷೇಧ ಎಂಬ ನಿಯಮ ತಂದಿತು ಎಂಬುದನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ರೇಂಜರ್ಸ್‌ನ ಗ್ಲೆನ್ ಕಮಾರಾ ಅವರನ್ನು ನಿಂದಿಸಿದ್ದಕ್ಕೆ ಸ್ಲಾವಿಯಾ ಪ್ರಾಗ್‌ನ ಒಂಡ್ರೆ ಕುಡೆಲಾಗೆ ಅಷ್ಟೇ ಶಿಕ್ಷೆ ಆಯಿತು. ಪಂದ್ಯದ ನಂತರ ಕೈ ಮಾಡಿದ್ದಕ್ಕೆ ಕಮಾರಾಗೂ ಮೂರು ಪಂದ್ಯಗಳ ನಿಷೇಧ ಬಂತು. ಅಲ್ಲಿ ಯಾರ ಕನಿಷ್ಠ ಶಿಕ್ಷೆಯನ್ನೂ ಕೆಳಗಿಳಿಸಲಿಲ್ಲ.

ರಘು ಅಣ್ಣ:
ಹಾಗೆಯೇ 2023ರ ಮಾರ್ಚ್ ತಿಂಗಳೊಂದನ್ನೇ ನೋಡಿ. ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 7–0 ಅಂತರದಲ್ಲಿ ಸೋತ ದಿನ ಬ್ರೂನೊ ಫರ್ನಾಂಡಿಸ್ ಸಹಾಯಕ ರೆಫರಿಯನ್ನು ಕೈಯಿಂದ ತಳ್ಳಿದಂತೆ ಎಲ್ಲರಿಗೂ ಕಂಡಿತು, ಕ್ರಮವೇ ಆಗಲಿಲ್ಲ. ಎರಡು ವಾರಗಳ ನಂತರ ಫುಲಂನ ಅಲೆಕ್ಸಾಂಡರ್ ಮಿಟ್ರೊವಿಚ್ ರೆಫರಿಯ ತೋಳು ಹಿಡಿದದ್ದಕ್ಕೆ ಎಂಟು ಪಂದ್ಯಗಳ ನಿಷೇಧ. ಮುಂದಿನ ತಿಂಗಳು ಸಹಾಯಕ ರೆಫರಿಯೊಬ್ಬರ ಮೊಣಕೈ ಲಿವರ್‌ಪೂಲ್‌ನ ಆಂಡಿ ರಾಬರ್ಟ್‌ಸನ್ ಕಡೆಗೆ ಎದ್ದಿತು. ತನಿಖೆಯಾಯಿತು, ಆದರೆ ಮುಂದಿನ ಕ್ರಮ ಬೇಡ ಎಂದು ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಿರ್ಧರಿಸಿತು.

ದೊಡ್ಡಪ್ಪ:
ನೀವು ಮೂವರೂ ಬೇರೆ ಬೇರೆ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುತ್ತಿದ್ದೀರಿ. ವೀಣಾ, ಕ್ಲಬ್‌ಗೆ ಹಾಕುವ ದಂಡವನ್ನು ಆಟಗಾರನ ದಂಡದ ಪಕ್ಕದಲ್ಲಿ ಇಡಬಾರದು. ಕ್ಲಬ್‌ಗೆ ತನ್ನ ಅಭಿಮಾನಿಗಳ ನಾಲಗೆಯ ಮೇಲೆ ಪೂರ್ಣ ಹಿಡಿತವಿಲ್ಲ, ಬೆಂಟ್ನರ್‌ಗೆ ತನ್ನ ಚಡ್ಡಿಯ ಮೇಲೆ ಇತ್ತು. ರಘು, ಮಿಟ್ರೊವಿಚ್ ಸಿಟ್ಟಿನಲ್ಲಿ ರೆಫರಿಯ ಮೇಲೆ ಏರಿ ಹೋದದ್ದನ್ನು ಬಿಟ್ಟು ಕೇವಲ ತೋಳು ಹಿಡಿದರು ಎಂದು ಬರೆದರೆ ಅದು ಘಟನೆಗೆ ಮಾಡುವ ಅನ್ಯಾಯ. ಆ ಎರಡು ತಳ್ಳುವಿಕೆಗಳ ನಡುವೆ ಅಜಗಜಾಂತರವಿದೆ.

ಅಲ್ಲದೆ ಖ್ಯಾತಿ ಯಾವಾಗಲೂ ರಕ್ಷಾಕವಚವಾಗುತ್ತದೆ ಎಂಬುದನ್ನು ಇತಿಹಾಸ ಒಪ್ಪುವುದಿಲ್ಲ. 2003ರಲ್ಲಿ ಡೋಪಿಂಗ್ ಪರೀಕ್ಷೆಗೆ ಹಾಜರಾಗದ ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೊ ಫರ್ಡಿನಾಂಡ್‌ಗೆ ಎಂಟು ತಿಂಗಳ ನಿಷೇಧ ಮತ್ತು 50,000 ಪೌಂಡ್ ದಂಡ ಬಿತ್ತು, ಇಂಗ್ಲೆಂಡ್ ಪರ 2004ರ ಯೂರೊ ಕಪ್ ತಪ್ಪಿತು. ಅದೇ ನಗರದ ಇನ್ನೊಂದು ಕ್ಲಬ್ ಸಿಟಿಯ, ಹೆಚ್ಚು ಜನರಿಗೆ ತಿಳಿಯದ ಕ್ರಿಸ್ಟಿಯನ್ ನೆಗ್ವಾಯ್ ಪರೀಕ್ಷೆ ತಪ್ಪಿಸಿಕೊಂಡದ್ದಕ್ಕೆ 2,000 ಪೌಂಡ್ ದಂಡ ಮಾತ್ರ. 1995ರಲ್ಲಿ ಪ್ರೇಕ್ಷಕನನ್ನು ಒದ್ದ ಎರಿಕ್ ಕ್ಯಾಂಟನಾ ಅವರನ್ನು ಕ್ಲಬ್ ಆ ಋತು ಮುಗಿಯುವವರೆಗೆ ಹೊರಗಿಟ್ಟರೆ, ಎಫ್‌ಎ ಅದನ್ನು ಸೆಪ್ಟೆಂಬರ್ ಕೊನೆಯವರೆಗೆ ವಿಸ್ತರಿಸಿತು. ದೊಡ್ಡ ಹೆಸರು ಇದ್ದದ್ದರಿಂದಲೇ ಅವರನ್ನು ಉದಾಹರಣೆಯಾಗಿ ನಿಲ್ಲಿಸಲಾಯಿತು.

ನಾನು:
ಫರ್ಡಿನಾಂಡ್ ಮತ್ತು ನೆಗ್ವಾಯ್ ಅವರ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ, ದೊಡ್ಡಪ್ಪ. ಹೆಸರು ಕೆಲವೊಮ್ಮೆ ಕಾಪಾಡುತ್ತದೆ, ಕೆಲವೊಮ್ಮೆ ಬಲಿ ಕೊಡುತ್ತದೆ ಎಂದರೆ, ಎರಡೂ ಸಲ ತೂಗಿದ್ದು ಹೆಸರನ್ನೇ ಎಂದಾಯಿತು. ಮಿಟ್ರೊವಿಚ್ ಬಗ್ಗೆ ನೀವು ಹೇಳಿದ್ದು ಸರಿ. ಅವರ ಕೃತ್ಯ ಹೆಚ್ಚು ಗಂಭೀರವಾಗಿತ್ತು. ಆದರೆ ಎಂಟು ಪಂದ್ಯ ಮತ್ತು ಸೊನ್ನೆ, ಈ ಎರಡರ ನಡುವೆ ಒಂದೂ ಮೆಟ್ಟಿಲಿಲ್ಲವೇ?

ಶಿಕ್ಷೆಗಳು ಒಂದೇ ಅಳತೆಯಲ್ಲಿ ಇರಲೇಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ವ್ಯತ್ಯಾಸಕ್ಕೆ ಕಾರಣವನ್ನು ಬರೆದು ಇಡಬೇಕು, ಮತ್ತು ಆ ಕಾರಣ ಮುಂದಿನವನಿಗೂ ಅನ್ವಯವಾಗಬೇಕು ಎಂಬುದಷ್ಟೇ ನನ್ನ ಒತ್ತಾಯ. 2011ರಲ್ಲಿ ಪ್ಯಾಟ್ರಿಸ್ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ್ದಕ್ಕೆ ಉರುಗ್ವೆಯ ಲೂಯಿಸ್ ಸುವಾರೆಜ್‌ಗೆ ಎಂಟು ಪಂದ್ಯಗಳ ನಿಷೇಧ ಮತ್ತು 40,000 ಪೌಂಡ್ ದಂಡ ಆಯಿತು. ಆಂಟನ್ ಫರ್ಡಿನಾಂಡ್ ಅವರನ್ನು ಅದೇ ರೀತಿ ನಿಂದಿಸಿದ ಪ್ರಕರಣದಲ್ಲಿ ಇಂಗ್ಲೆಂಡ್ ತಂಡದ ನಾಯಕರಾಗಿದ್ದ ಜಾನ್ ಟೆರಿಗೆ 2012ರಲ್ಲಿ ನಾಲ್ಕು ಪಂದ್ಯ ಮತ್ತು 2,20,000 ಪೌಂಡ್ ಆಯಿತು. ವಿದೇಶಿಗನಿಗೆ ಎಂಟು, ತಮ್ಮವನಿಗೆ ನಾಲ್ಕು ಎಂದು ಆಗ ಎಷ್ಟೋ ಜನ ಕೆರಳಿದರು. ಆದರೆ ಎಫ್‌ಎ ಎರಡೂ ಪ್ರಕರಣಗಳ ತೀರ್ಪಿನ ಕಾರಣಗಳನ್ನು ಪ್ರಕಟಿಸಿತು: ಸುವಾರೆಜ್‌ದು 115 ಪುಟ, ಟೆರಿಯದು 63 ಪುಟ. ಸುವಾರೆಜ್ ನಿಂದನೆಯ ಪದವನ್ನು ಒಂದೇ ವಾಗ್ವಾದದಲ್ಲಿ ಮತ್ತೆ ಮತ್ತೆ ಬಳಸಿದರು ಎಂಬ ನಿರ್ಣಯಕ್ಕೆ ಸಮಿತಿ ಹೇಗೆ ಬಂತು ಎಂಬುದನ್ನು ಅದರಲ್ಲಿ ಯಾರು ಬೇಕಾದರೂ ಓದಬಹುದು. ಓದಿದ ಮೇಲೂ ನಾಲ್ಕು ಕಡಿಮೆಯಾಯಿತು ಎಂದೇ ನನಗೆ ಅನ್ನಿಸುತ್ತದೆ. ಆದರೆ ನನ್ನ ಭಿನ್ನಾಭಿಪ್ರಾಯಕ್ಕೆ ನಿಲ್ಲಲು ಒಂದು ನೆಲ ಸಿಕ್ಕಿತು.

ಇದಕ್ಕಿಂತ ಒಳ್ಳೆಯ ಉದಾಹರಣೆ ಬ್ರೆಂಟ್‌ಫರ್ಡ್‌ನ ಇವಾನ್ ಟೋನಿ ಅವರದು. ಬೆಟ್ಟಿಂಗ್ ನಿಯಮಗಳನ್ನು 232 ಬಾರಿ ಮುರಿದದ್ದಕ್ಕೆ 2023ರಲ್ಲಿ ಅವರಿಗೆ ಎಂಟು ತಿಂಗಳ ನಿಷೇಧ ವಿಧಿಸಿದಾಗ, ಸಮಿತಿ ಆ ಎಂಟಕ್ಕೆ ಬಂದ ದಾರಿಯನ್ನು ಬಿಡಿಸಿ ಬರೆಯಿತು: 15 ತಿಂಗಳಿಂದ ಆರಂಭಿಸಿ, ತಪ್ಪೊಪ್ಪಿಗೆಗಾಗಿ ನಾಲ್ಕು ತಿಂಗಳು, ಜೂಜಿನ ವ್ಯಸನವಿದೆ ಎಂಬ ತಜ್ಞರ ಅಭಿಪ್ರಾಯಕ್ಕಾಗಿ ಇನ್ನೂ ಮೂರು ತಿಂಗಳು ಕಳೆಯಲಾಯಿತು. ನಾಳೆ ಮೂರನೇ ದರ್ಜೆಯ ಕ್ಲಬ್‌ನ ಆಟಗಾರನೊಬ್ಬ ಅದೇ ವ್ಯಸನದೊಂದಿಗೆ ಸಿಕ್ಕಿಬಿದ್ದರೆ, ಅವನ ವಕೀಲ ಆ ಪುಟವನ್ನು ತೆರೆದು ನಮಗೂ ಮೂರು ತಿಂಗಳು ಕಳೆಯಿರಿ ಎಂದು ಕೇಳಬಹುದು. ರೊನಾಲ್ಡೊ ತೀರ್ಪಿನ ಪ್ರಕಟಣೆಯನ್ನು ಹಿಡಿದುಕೊಂಡು ಯಾವ ಆಟಗಾರ ಏನೆಂದು ಕೇಳಬೇಕು?

ವೀಣಕ್ಕ:
ಟೋನಿಯ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಬೆಟ್ಟಿಂಗ್‌ಗಾಗಿ ಶಿಕ್ಷೆಗೆ ಒಳಗಾದ ಆ ಆಟಗಾರ ಪ್ರತಿ ವಾರ ಎದೆಯ ಮೇಲೆ ಬೆಟ್ಟಿಂಗ್ ಕಂಪನಿಯ ಹೆಸರಿದ್ದ ಅಂಗಿ ತೊಟ್ಟು ಆಡುತ್ತಿದ್ದ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಅಂಗಿಯ ಮುಂಭಾಗದಿಂದ ಅಂತಹ ಹೆಸರುಗಳನ್ನು ತೆಗೆಯಲು ಒಪ್ಪಿದ್ದು 2023ರಲ್ಲಿ, ಅದೂ 2025–26ರ ಋತು ಮುಗಿದ ಮೇಲೆ ಜಾರಿಗೆ ಬರುವಂತೆ. ವ್ಯಸನಿಗೆ ಎಂಟು ತಿಂಗಳ ಶಿಕ್ಷೆ ತಕ್ಷಣ, ವ್ಯಸನವನ್ನು ಜಾಹೀರು ಮಾಡಿದವರಿಗೆ ಮೂರು ಋತುಗಳ ಕಾಲಾವಕಾಶ. ದೊಡ್ಡಪ್ಪ, ಆಟಗಾರನನ್ನೂ ಕ್ಲಬ್ಬನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದಿರಿ. ಇಲ್ಲಾದರೂ ಹಾಕಲೇಬೇಕು ಎಂಬುದು ನನ್ನ ನಂಬಿಕೆ.

ದೊಡ್ಡಪ್ಪ:
ಅಂಗಿಯ ವಿಷಯದಲ್ಲಿ ನಿನ್ನ ಮಾತನ್ನು ಒಪ್ಪುತ್ತೇನೆ, ವೀಣಾ. ಕಾರಣಗಳನ್ನು ಬರೆದು ಪ್ರಕಟಿಸಬೇಕು ಎಂಬುದನ್ನೂ ಒಪ್ಪುತ್ತೇನೆ. ಕಾರಣವಿಲ್ಲದ ಆದೇಶದ ಮೇಲೆ ಮೇಲ್ಮನವಿ ಬರೆಯುವ ಕಷ್ಟ ನನಗೆ ಗೊತ್ತು. ಆದರೆ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡು, ಮಗು. ಕಾರಣಗಳನ್ನೆಲ್ಲ ಬರೆದೇ ಶಿಕ್ಷೆ ತಡೆಹಿಡಿದಿದ್ದರೆ, 226 ಪಂದ್ಯಗಳಲ್ಲಿ ಮೊದಲ ತಪ್ಪು ಎಂದು ಬರೆದಿದ್ದರೆ, ಆಗ ನೀನು ಸುಮ್ಮನಿರುತ್ತಿದ್ದೆಯಾ?

ನಾನು:
ಇಲ್ಲ, ದೊಡ್ಡಪ್ಪ, ಆಗಲೂ ಒಪ್ಪುತ್ತಿರಲಿಲ್ಲ, ಆದರೆ ಬೇರೆ ರೀತಿಯಲ್ಲಿ ವಿರೋಧಿಸುತ್ತಿದ್ದೆ. ಹಿಂದಿನ ಒಳ್ಳೆಯ ನಡತೆಗೆ ಬೆಲೆ ಇರಬೇಕು. ಕನಿಷ್ಠ ಮಿತಿಗಿಂತ ಮೇಲಿನ ಶಿಕ್ಷೆಯನ್ನು ಕಡಿಮೆ ಮಾಡಲು ಅದನ್ನು ಬಳಸಲಿ, ನಾಲ್ಕೋ ಐದೋ ಪಂದ್ಯವಾಗುವುದನ್ನು ಮೂರಕ್ಕೆ ತರಲಿ. ಮೂರರ ಕೆಳಗೆ ಇಳಿಯುವುದಾದರೆ 226 ಪಂದ್ಯ ಆಡುವ ಭಾಗ್ಯವೇ ಇಲ್ಲದ, ಹತ್ತು ಅಂತರರಾಷ್ಟ್ರೀಯ ಪಂದ್ಯಗಳನ್ನು ಶಿಸ್ತಿನಿಂದ ಆಡಿ ಹನ್ನೊಂದನೆಯದರಲ್ಲಿ ಎಡವಿದ ಆಟಗಾರನಿಗೂ ಅದೇ ರಿಯಾಯಿತಿ ಸಿಗುತ್ತದೆಯೇ ಎಂದು ಆ ಕಾರಣಗಳ ಪಕ್ಕದಲ್ಲೇ ಬರೆಯಬೇಕಾಗುತ್ತದೆ, ಮತ್ತು ಫಿಫಾ ಹಾಗೆ ಬರೆಯಲು ಸಿದ್ಧವಿಲ್ಲ ಎಂದು ನನಗೆ ಅನ್ನಿಸುತ್ತದೆ. ನನ್ನ ಕೈಗೆ ಆ ಕಡತ ಬಂದಿದ್ದರೆ ಮೂರೂ ಪಂದ್ಯಗಳನ್ನು ಪೂರ್ತಿ ಅನುಭವಿಸಬೇಕು ಎಂದೇ ಬರೆಯುತ್ತಿದ್ದೆ. ಅರ್ಮೇನಿಯಾ ವಿರುದ್ಧದ ಪಂದ್ಯ ಒಂದು, ವಿಶ್ವಕಪ್‌ನಲ್ಲಿ ಗುಂಪು ಹಂತದ ಮೊದಲ ಎರಡು ಪಂದ್ಯಗಳು ಇನ್ನೆರಡು. ಮೂರನೇ ಗುಂಪು ಪಂದ್ಯಕ್ಕೆ ಅವರು ಮೈದಾನಕ್ಕೆ ಬರಲಿ.