ಬೋಟಿನ ಬ್ಯಾಟರಿ: ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯೋ ಮೊದಲು ಕೇಳಿಬಿಡಿ

ವೈರ್‌ಮನ್, ವಾಸ್ಕೊ: ಗೋವಾ ಬೋಟಿನವರ ಈ ಗುಂಪಿನಲ್ಲಿರೋ ಎಲ್ಲರಿಗೂ ನಮಸ್ಕಾರ. ಜೂನ್ 1ಕ್ಕೆ ಬೋಟು ಕಟ್ಟಿದ್ದೀರಿ, ಆಗಸ್ಟ್ 1ಕ್ಕೆ ಬಿಚ್ಚುತ್ತೀರಿ. ಬ್ಯಾಟರಿ ಸಾಯೋದು ಈ ಎರಡು ತಿಂಗಳಲ್ಲೇ, ಸಮುದ್ರದಲ್ಲಲ್ಲ. ಇವತ್ತು ಸಂಜೆ ಬಿಡುವಾಗಿದ್ದೇನೆ, ಕೇಳಿ.

ಮಾಲಿಂ ಜೆಟ್ಟಿ: ಅಣ್ಣಾ, ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಯಲ್ಲೇ ಲೈಟು, ಫಿಶ್ ಫೈಂಡರ್ ಓಡಿಸಿದ್ರೆ ಆಗಲ್ವಾ?

ವೈರ್‌ಮನ್: ಸ್ವಲ್ಪ ದಿನ ಓಡ್ತದೆ. ಅದರ ಪ್ಲೇಟು ತೆಳು, ಒಂದು ಗಳಿಗೆ ಜೋರಾಗಿ ಕರೆಂಟ್ ಕೊಡೋದಕ್ಕೆ ಮಾಡಿದ್ದು. ಡೀಪ್ ಸೈಕಲ್ ಅನ್ನೋ ಬ್ಯಾಟರಿಯದು ದಪ್ಪ ಪ್ಲೇಟು, ರಾತ್ರಿಯಿಡೀ ಎಳೆದರೂ ತಾಳ್ತದೆ. ಲೈಟು, ಜಿಪಿಎಸ್, ವೈರ್‌ಲೆಸ್, ಫೈಂಡರ್ ಎಲ್ಲ ಸೇರಿ 6 ಆಂಪಿಯರ್ ಅನ್ನಿ, 10 ತಾಸಿಗೆ 60 ಆಂಪಿಯರ್-ಅವರ್. ಲೆಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 120. ನೀವು 150 ತಗೊಳ್ಳಿ. ಸ್ಟಾರ್ಟಿಂಗಿಗೆ ಬೇರೆಯದೇ ಇರಲಿ.

ಶಾಪೋರಾ ಟೂರಿಸ್ಟ್ ಬೋಟ್: ಸೋಲಾರ್ ಪ್ಯಾನೆಲ್ ಎಷ್ಟು ವಾಟ್ ಹಾಕ್ಲಿ ಸರ್?

ಬೇತುಲ್: ಯಾವ ನೀರು ಹಾಕ್ಬೇಕು?

ವೈರ್‌ಮನ್: ಡಿಸ್ಟಿಲ್ಡ್. ಚಾರ್ಜ್ ಆದ ಮೇಲೆ. ಪ್ಲೇಟು ಬಯಲಾಗಿದ್ರೆ ಮಾತ್ರ ಮೊದಲೇ, ಅದೂ ಮುಳುಗುವಷ್ಟೇ. ಆಸಿಡ್ ಬೇಡ.

ಖಾರಿವಾಡೊ: ಅಣ್ಣಾರ, ಎರಡ್ ಬ್ಯಾಟರಿ ಜೋಡಿಸೇನ್ರಿ, ಒಂದು ನಾಲ್ಕ್ ವರ್ಷದ್ದು, ಒಂದು ಹೋದ್ ವರ್ಷದ್ದು. ನಿನ್ನಿಯಿಂದ ಚಾರ್ಜಿಗೆ ಹಾಕೀನಿ, ಫುಲ್ ಅಂತ ತೋರ್ಸವಲ್ದು. ಕ್ಯಾಬಿನ್ ಒಳಗ ಕೊಳೆತ ತತ್ತಿ ವಾಸ್ನಿ. ಮೀನಿಂದು ಅಂದ್ಕೊಂಡಿದ್ವಿ. ಹುಡುಗ್ರು ಅಲ್ಲೇ ಮಲಗ್ತಾರ, ತಲಿನೋವು ಅಂತಾರ.

ವೈರ್‌ಮನ್: ಓದೋದು ನಿಲ್ಲಿಸಿ ಮೊದಲು ಹುಡುಗರನ್ನ ಡೆಕ್ಕಿಗೆ ಹತ್ತಿಸು. ಆಮೇಲೆ ಚಾರ್ಜರನ್ನ ಜೆಟ್ಟಿಯ ಕಡೆ ಸ್ವಿಚ್ಚಲ್ಲೇ ಬಂದ್ ಮಾಡು. ಬ್ಯಾಟರಿಯ ಕ್ಲಿಪ್ ಎಳೀಬೇಡ, ಕಿಡಿ ಹಾರ್ತದೆ. ಬ್ಯಾಟರಿ ಮುಟ್ಟಲೂಬೇಡ. ಬಾಗಿಲು, ಕಿಟಕಿ ತೆಗೆ. ಬೀಡಿ, ಸ್ಟವ್, ಫ್ಯಾನ್ ಸ್ವಿಚ್ಚು ಯಾವುದೂ ಬೇಡ. ತಲೆನೋವು ಕಮ್ಮಿ ಆಗದಿದ್ರೆ ಇವತ್ತೇ ಆಸ್ಪತ್ರೆ.

ಯಾಕೆ ಅಂದ್ರೆ, ಹಳೇದರಲ್ಲಿ ಒಂದು ಸೆಲ್ ಶಾರ್ಟ್ ಆಗಿರಬೇಕು. ಆರು ಸೆಲ್‌ಗೆ ಹಂಚಬೇಕಾದ ಚಾರ್ಜರಿನ 14.4 ವೋಲ್ಟ್ ಐದಕ್ಕೇ ಬಿದ್ದರೆ ಒಂದೊಂದಕ್ಕೆ 2.4ರ ಬದಲು 2.88. ಕುದಿಯದೆ ಇನ್ನೇನು? ಚಾರ್ಜರ್ ಬಡಪಾಯಿ ತುಂಬಿಲ್ಲ ಅಂದ್ಕೊಂಡು ತಳ್ಳುತ್ತಲೇ ಇರ್ತದೆ. ಅದನ್ನ ಬಂದ್ ಮಾಡಿದ್ರೂ ಪಕ್ಕದ ಒಳ್ಳೆ ಬ್ಯಾಟರಿ ಇದಕ್ಕೆ ಕರೆಂಟ್ ಸುರೀತದೆ, ಬಿಸಿ ಆಗೋದು ತಕ್ಷಣ ನಿಲ್ಲಲ್ಲ. ಹೈಡ್ರೋಜನ್ ಮೇಲೇರ್ತದೆ, ಗಾಳಿಯಲ್ಲಿ 4% ಸೇರಿದ್ರೆ ಕಿಡಿಗೆ ಹೊತ್ತಿಕೊಳ್ತದೆ. ಆ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್, ಗಾಳಿಗಿಂತ ಭಾರ, ಕೆಳಗೆ ಹುಡುಗರು ಮಲಗೋ ಕಡೆಯೇ ಕೂರ್ತದೆ. ಜಾಸ್ತಿ ಆದ್ರೆ ಮೂಗೇ ಸತ್ತುಹೋಗ್ತದೆ. ವಾಸನೆ ನಿಂತಿತು, ಇನ್ನು ಒಳಗೆ ಹೋಗೋಣ ಅಂತ ಮಾತ್ರ ಹೊರಡಬೇಡ.

ಕಾರವಾರದವ: ಅದಕ್ಕೇ ಆಸ್ಪಿರಿನ್ ಹಾಕಬೇಕು ಮಾರಾಯ್ರೇ. ಒಂದೊಂದು ಸೆಲ್‌ಗೆ ಎರಡು ಮಾತ್ರೆ. ಫಾರ್ವರ್ಡ್ ಮಾಡಿದ್ದೇನೆ ನೋಡಿ.

ವೈರ್‌ಮನ್: ಅಲ್ಲಿ ಹುಡುಗರ ಜೀವದ ಪ್ರಶ್ನೆ, ಇಲ್ಲಿ ಮಾತ್ರೆ. ಆಸ್ಪಿರಿನ್ ಆಸಿಡ್ಡಲ್ಲಿ ಬಿದ್ದರೆ ಅಸಿಟಿಕ್ ಆಸಿಡ್ ಆಗಿ ಸೀಸವನ್ನೇ ತಿನ್ತದೆ. ಕುದಿಯೋ ಬ್ಯಾಟರಿಯ ಮುಚ್ಚಳ ತೆಗೆದು ಯಾರಾದ್ರೂ ಮುಖ ಸುಟ್ಟುಕೊಂಡ್ರೆ ನೀವು ಬರ್ತೀರಾ? ಆ ಫಾರ್ವರ್ಡ್ ಅಳಿಸಿ.

ಬೈನಾ: ಎಸಿಯಿಂದ ತೊಟ್ಟಿಕ್ಕೋ ನೀರು ನಡೀತದಲ್ರಿ?

ವೈರ್‌ಮನ್: ಡಿಸ್ಟಿಲ್ಡ್. ಮೇಲೆ ಓದಿ.

ಪಣಜಿ ಯಾಟ್: ಈ ಕಾಲದಲ್ಲೂ ಲೆಡ್ಡಾ? ಲಿಥಿಯಂ ಹಾಕಿ, ನೀರೂ ಇಲ್ಲ ವಾಸನೆಯೂ ಇಲ್ಲ.

ಕಾರವಾರದವ: ಹೌದು, ಬೆಂಕಿ ಮಾತ್ರ ಇದೆ. ಸ್ಕೂಟರ್ ಸುಟ್ಟಿದ್ದು ನೋಡಿಲ್ವಾ?

ಪಣಜಿ ಯಾಟ್: ಅದು ಬೇರೆ ಲಿಥಿಯಂ. ನಾನು ಹೇಳಿದ್ದು ಎಲ್‌ಎಫ್‌ಪಿ, ಲಿಥಿಯಂ ಐರನ್ ಫಾಸ್ಫೇಟ್. ಗೊತ್ತಿಲ್ಲದಿದ್ರೆ ಸುಮ್ನಿರಿ.

ಕಾರವಾರದವ: ನಿಮ್ಮದು ಆಟದ ಬೋಟು. ನಮ್ಮದು ಹೊಟ್ಟೆ.

ವೈರ್‌ಮನ್: ಎಲ್‌ಎಫ್‌ಪಿ ಒಳ್ಳೇದೇ. ಹಳೇ ಎಂಜಿನ್ನಿಗೆ ನೇರ ಜೋಡಿಸಿದ್ರೆ ಅದು ಎಳೆಯೋ ಕರೆಂಟಿಗೆ ಆಲ್ಟರ್ನೇಟರ್ (ಎಂಜಿನ್ನಿನ ಕರೆಂಟ್ ಯಂತ್ರ) ಬಿಸಿಯಾಗಿ ಸುಟ್ಟುಹೋಗ್ತದೆ. ಎಂಜಿನ್ ಓಡ್ತಿರುವಾಗ ಬಿಎಂಎಸ್, ಅಂದ್ರೆ ಆ ಬ್ಯಾಟರಿಯನ್ನ ಕಾಪಾಡೋ ಸರ್ಕ್ಯೂಟು, ಕಟ್ ಮಾಡಿದ್ರೆ ಆಲ್ಟರ್ನೇಟರಿನ ಡಯೋಡ್ ಢಂ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದರ ಖರ್ಚನ್ನ ಯಾಟಿನವರು ಹೇಳೋದಿಲ್ಲ. ಜಗಳ ಬೇರೆ ಕಡೆ ಮಾಡಿ.

ಶಾಪೋರಾ ಟೂರಿಸ್ಟ್ ಬೋಟ್: ಸೋಲಾರ್??

ಬೇತುಲ್: ಆರ್‌ಓ ನೀರು ಆಗ್ತದಾ?

ವೈರ್‌ಮನ್: ಇಲ್ಲ.

ಮಾಲಿಂ ಜೆಟ್ಟಿ: ಮೀಟರಿನಲ್ಲಿ 12.1 ತೋರಿಸ್ತಿದೆ, 12 ವೋಲ್ಟ್ ಬ್ಯಾಟರಿಗೆ ಸಾಕಲ್ವಾ ಅಣ್ಣಾ?

ವೈರ್‌ಮನ್: ಅರ್ಧ ಖಾಲಿ. ಲೋಡ್ ತೆಗೆದು ಕೆಲವು ತಾಸು ಬಿಟ್ಟು ಅಳೆದಾಗ 12.6 ಬಂದ್ರೆ ಫುಲ್. ಹೀಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗ್ತದೆ. ಇವತ್ತೇ ಚಾರ್ಜಿಗೆ ಹಾಕಿ. ಖಾರಿವಾಡೊ, ಎಲ್ಲಿದ್ದೀ?

ಖಾರಿವಾಡೊ: ಹುಡುಗ್ರು ಜೆಟ್ಟಿ ಮ್ಯಾಲೆ ಅದಾರ್ರಿ, ತಲಿನೋವು ಇಳದೈತಿ. ಬ್ಯಾಟರಿ ಮುಟ್ಟಿ ನೋಡ್ದೆ, ಇನ್ನೂ ಸುಡ್ತೈತಿ.

ವೈರ್‌ಮನ್: ಮುಟ್ಟಬೇಡ ಅಂದಿದ್ದೆ! ಬೆಳಗ್ಗೆವರೆಗೆ ಯಾರೂ ಒಳಗಿಳಿಯೋದು ಬೇಡ. ನಾನು ಬಂದು ನೋಡ್ತೇನೆ.

(ಮರುದಿನ)

ಖಾರಿವಾಡೊ: ಅಣ್ಣಾರು ಬಂದು ಎರಡೂ ಬಿಚ್ಚಿ ಹೋದ್ರು. ಮಧ್ಯಾಹ್ನ ಅಳದೇನ್ರಿ. ಹೊಸಾದು 12.5. ಹಳೇದು 10.4.

ವೈರ್‌ಮನ್: ಎರಡು ವೋಲ್ಟ್ ಕಮ್ಮಿ. ಒಂದು ಸೆಲ್ ಹೋಗಿದೆ. ಗುಜರಿಗೆ ಹಾಕು.

ಖಾರಿವಾಡೊ: ಉಳದಿದ್ದಕ್ಕ ಒಂದ್ ಹೊಸಾದು ಜೋಡಿಸ್ಲೇನ್ರಿ?

ವೈರ್‌ಮನ್: ಮತ್ತೆ ಅದೇ! ಹಾಕಿದ್ರೆ ಒಂದೇ ದಿನ ತಂದ ಜೋಡಿ ಹಾಕು. ಇಲ್ಲಾ ಇರೋ ಒಂದರಲ್ಲೇ ಸೀಸನ್ ಶುರು ಮಾಡು, ರಾತ್ರಿ ಲೈಟು ಕಮ್ಮಿ ಉರಿಸು.

ಕಾರವಾರದವ: ಆಸ್ಪಿರಿನ್ ಹಾಕಿದ್ರೆ ಉಳೀತಿತ್ತು.