ಅಪ್‌ಡೇಟ್: ಡಬ್ಬದ ಹಿಂದಿನ ಮೂಲೆ ಕೂಡದಿರೋದಕ್ಕೆ ಕಾರಣ ಸಿಕ್ಕಿತು

ಪೆನ್ನಲ್ಲಿ ಡಬ್ಬ ಬಿಡಿಸಿದಾಗ ಹಿಂದಿನ, ಕಾಣದ ಮೂಲೆ ಯಾಕೆ ಸರಿಯಾಗಿ ಕೂಡಲ್ಲ ಅಂತ ಕೇಳಿದ್ದೆ. ಆ ಮೂಲೆ ಬರೋದು ಕೊನೆಗೆ. ಡಬ್ಬದ 12 ಗೆರೆಗಳಲ್ಲಿ ಕೊನೆಯ 3 ಅಲ್ಲಿ ಕೂಡಬೇಕು, ಹಾಗಾಗಿ ಮೊದಲಿನ 9 ಗೆರೆಗಳ ತಪ್ಪೆಲ್ಲ ಅಲ್ಲೇ ಬಂದು ಸೇರುತ್ತೆ. ಮೂಲೆಯನ್ನಷ್ಟೇ ತಿದ್ದಿ ಪ್ರಯೋಜನವಿಲ್ಲ.

ಪುಟದ ತುಂಬ ಡಬ್ಬ ಬಿಡಿಸಿ ಮುಗಿದ ಮೇಲೆ ಬೇರೆ ಬಣ್ಣದ ಪೆನ್ನು, ಸ್ಕೇಲು ಹಿಡಿದು ಒಂದೇ ದಿಕ್ಕಿನ 4 ಗೆರೆಗಳನ್ನೂ ನಮ್ಮಿಂದ ದೂರ ಹೋಗೋ ಕಡೆಗೆ ಉದ್ದ ಮಾಡಿ. ಮೂರೂ ದಿಕ್ಕಿಗೆ ಹೀಗೇ. ದೂರ ಹೋದಷ್ಟೂ ಆ 4 ಗೆರೆಗಳು ಒಂದಕ್ಕೊಂದು ಹತ್ತಿರವಾಗಬೇಕು. ಎರಡೆರಡಾಗಿ ಬೇರೆ ಬೇರೆ ಕಡೆ ಕೂಡಿದರೆ, ಎಳೆಯುವಾಗ ಕಣ್ಣು ಪಕ್ಕದ ಗೆರೆಯ ಮೇಲಷ್ಟೇ ಇತ್ತು, ನಾಲ್ಕರ ಮೇಲೂ ಇರಲಿಲ್ಲ ಅಂತ ಅರ್ಥ. ನನ್ನ ಪುಟದಲ್ಲಿ ಆಗಿದ್ದು ಇದೇ.

ಇನ್ನೊಬ್ಬರಿಗೆ ತೋರಿಸುವಾಗ ಈ ಉದ್ದಗೆರೆಗಳ ಸಮೇತ ತೋರಿಸಿ. ಯಾವ ಗೆರೆ ದಾರಿ ತಪ್ಪಿದೆ ಅಂತ ಅವರು ಬೆರಳಿಟ್ಟು ಹೇಳಬಹುದು.