ಸಂಸ್ಥೆ ಬಿಟ್ಟ ಮೇಲೆ ಹಳೇ ಡೀಲ್ ಮೇಲೆ ಕೇಸ್ ಬಂದರೆ ಯಾವ ಇನ್ಶೂರೆನ್ಸ್ ಬರುತ್ತದೆ?

ಸ್ವಂತಬೋರ್ಡು:
ಎಲ್ಲರಿಗೂ ನಮಸ್ಕಾರ. ಮನೆ, ಆಸ್ತಿ ಮಾರಿಸಿಕೊಡುವ ಒಂದು ಬ್ರೋಕರ್ ಸಂಸ್ಥೆಯಲ್ಲಿ ಏಜೆಂಟ್ ಆಗಿದ್ದೇನೆ, ಇನ್ನು ಸ್ವಲ್ಪ ದಿನದಲ್ಲಿ ಬಿಟ್ಟು ಸ್ವಂತವಾಗಿ ಶುರು ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಪ್ರೊಫೆಷನಲ್ ಲಯಬಿಲಿಟಿ ಇನ್ಶೂರೆನ್ಸ್ (ಕೆಲಸದಲ್ಲಾದ ತಪ್ಪಿಗೆ ಯಾರಾದರೂ ಕೇಸ್ ಹಾಕಿದರೆ ನೋಡಿಕೊಳ್ಳುವ ಪಾಲಿಸಿ) ಸಂಸ್ಥೆಯದ್ದೇ ಇತ್ತು. ಕಮಿಷನ್‌ನಲ್ಲಿ ಅದಕ್ಕೆ ಅಂತ ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು, ಪಾಲಿಸಿ ಕಾಪಿ ಮಾತ್ರ ಯಾರೂ ತೋರಿಸಿಲ್ಲ. ಇಲ್ಲಿದ್ದಾಗ ಮಾಡಿಸಿದ ವ್ಯವಹಾರದ ಮೇಲೆ ನಾನು ಬಿಟ್ಟ ಮೇಲೆ ಯಾರಾದರೂ ಕೇಸ್ ಹಾಕಿದರೆ ಏನು ಕಥೆ? ಡೀಲ್ ಆದ ದಿನ ಕವರ್ ಇತ್ತಲ್ಲ, ಅಷ್ಟು ಸಾಕು ಅಂತ ನನ್ನ ಲೆಕ್ಕ. ಗೆಳೆಯನೊಬ್ಬ ಹಾಗಲ್ಲ ಅಂತಾನೆ. ಇನ್ನೊಂದು ಕೇಳಬೇಕು, ನಾನು ಯಾರಿಗೂ ಮೋಸ ಮಾಡುವವನಲ್ಲ, ಸ್ವಂತಕ್ಕೆ ಈ ಪಾಲಿಸಿ ನಿಜವಾಗಲೂ ಬೇಕಾ?

ಪಾಲಿಸಿಪುಟ:
ನಿಮ್ಮ ಗೆಳೆಯ ಹೇಳಿದ್ದೇ ಸರಿ. ಗಾಡಿ ಇನ್ಶೂರೆನ್ಸ್‌ನಲ್ಲಿ ಆಕ್ಸಿಡೆಂಟ್ ಆದ ದಿನ ಪಾಲಿಸಿ ಇದ್ದರೆ ಆಯಿತು. ಇದು ಹಾಗಲ್ಲ. ಈ ಪಾಲಿಸಿಗಳಲ್ಲಿ ಹೆಚ್ಚಿನವು 'ಕ್ಲೇಮ್ಸ್ ಮೇಡ್' ಅನ್ನೋ ಥರದವು. ಅಂದರೆ ನಿಮ್ಮ ಮೇಲೆ ಕ್ಲೇಮ್ ಬಂದ ದಿನ ಪಾಲಿಸಿ ಜೀವಂತ ಇರಬೇಕು, ಆ ಅವಧಿಯೊಳಗೇ ಅಥವಾ ಅವರು ಕೊಟ್ಟ ಗಡುವಿನೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿರಲೂಬೇಕು. 2022ರಲ್ಲಿ ಡೀಲ್ ಮಾಡಿದ್ದೀರಿ, ನೋಟಿಸ್ 2025ರಲ್ಲಿ ಬಂತು ಅಂತಿಟ್ಟುಕೊಳ್ಳಿ. ಆಗ ನೋಡುವುದು 2025ರ ಪಾಲಿಸಿಯನ್ನು.

ಅದಕ್ಕೂ ಒಂದು ಕೊಕ್ಕೆ ಇದೆ, 'ರೆಟ್ರೋಆಕ್ಟಿವ್ ಡೇಟ್' ಅಂತಾರೆ. ಆ ತಾರೀಖಿಗಿಂತ ಮುಂಚೆ ಮಾಡಿದ ಕೆಲಸಕ್ಕೆ ಕವರ್ ಇಲ್ಲ. ನೀವು ಹೊಸ ಪಾಲಿಸಿ ತಗೊಂಡಾಗ ಸುಮ್ನೆ ಸಹಿ ಹಾಕಿದರೆ ಪಾಲಿಸಿ ಶುರುವಾದ ದಿನವನ್ನೇ ಆ ಜಾಗದಲ್ಲಿ ಬರೆದಿರುತ್ತಾರೆ, ಹಳೇದೆಲ್ಲ ಹೊರಗೆ ಬೀಳುತ್ತದೆ. ನಡುವೆ ಕವರ್ ತಪ್ಪಿಲ್ಲ ಅಂತ ದಾಖಲೆ ತೋರಿಸಿದರೆ ಕೆಲವರು ಹಿಂದಿನ ತಾರೀಖು ಕೊಡುತ್ತಾರೆ. ಆದರೆ ಹಳೇ ಸಂಸ್ಥೆಯ ಹೆಸರಲ್ಲಿ ಮಾಡಿದ ಕೆಲಸ ಅದರಲ್ಲಿ ಸೇರುತ್ತದಾ ಅಂತ ಬೇರೆಯಾಗಿ ಕೇಳಿ.

ಇನ್ನು ಸಂಸ್ಥೆಯ ಪಾಲಿಸಿ. ಬಿಟ್ಟುಹೋದ ಏಜೆಂಟರನ್ನೂ, ಸಂಸ್ಥೆಗಾಗಿ ಮಾಡಿದ ಕೆಲಸದ ಮಟ್ಟಿಗೆ, ಸೇರಿಸಿಕೊಳ್ಳುವ ಪಾಲಿಸಿಗಳು ಇವೆ. ಆದರೆ ಅವರು ಅದನ್ನು ರಿನ್ಯೂ ಮಾಡುತ್ತಾ ಹೋದರೆ ಮಾತ್ರ ಉಪಯೋಗ. ಬಾಗಿಲು ಹಾಕಿದರೆ, 'ಟೇಲ್' ಅಥವಾ 'ರನ್ ಆಫ್' ಕವರ್ (ಪಾಲಿಸಿ ನಿಂತ ಮೇಲೆ ಬರುವ ಕ್ಲೇಮ್‌ಗಳಿಗೆ ಇರುವಂಥದ್ದು) ತಗೊಳ್ಳದೇ ಇದ್ದರೆ, ನೀವು ಬಯಲಿಗೆ ಬಿದ್ದ ಹಾಗೆ. ಬಿಡುವ ಮುಂಚೆ ಪಾಲಿಸಿಯಲ್ಲಿ 'ಇನ್ಶೂರ್ಡ್' ಅಂದರೆ ಯಾರ್ಯಾರು ಅಂತ ಬರೆದಿರುವ ಪುಟದ ಕಾಪಿ ಕೇಳಿ ತಗೊಳ್ಳಿ. ಕೆಲಸ ಬಿಟ್ಟ ಮೇಲೆ ಕೇಳಿದರೆ ಫೋನ್ ಎತ್ತುವವರೂ ಇರುವುದಿಲ್ಲ.

ಹಳೇಕೀಲಿ:
ಮೋಸ ಮಾಡುವವನಲ್ಲ ಅಂದ್ರಲ್ಲ, ಈ ಪಾಲಿಸಿ ಇರುವುದೇ ಅಂಥವರಿಗೆ ಸಾರ್. ಬೇಕಂತಲೇ ಮಾಡಿದ ಮೋಸಕ್ಕೆ ಯಾವ ಕಂಪನಿಯೂ ಕೊಡುವುದಿಲ್ಲ, ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ಕ್ಲೇಮ್ ಬರುವುದು ಸಣ್ಣ ಸಣ್ಣ ವಿಷಯಕ್ಕೆ. ಹಳೇ ಜಾಹೀರಾತಿನಲ್ಲಿದ್ದ ಅಳತೆಯನ್ನು ಹಾಗೇ ಎತ್ತಿ ಹೊಸದರಲ್ಲಿ ಹಾಕಿರುತ್ತೀರಿ, ಪತ್ರದಲ್ಲಿ ಬೇರೆ ಇರುತ್ತದೆ. ಮಾರುವವರು 'ಗೋಡೆಯಲ್ಲಿ ತೇವ ಇಲ್ಲ' ಅಂದಿರುತ್ತಾರೆ, ನೀವು ಅದನ್ನೇ ಕೊಳ್ಳುವವರಿಗೆ ಹೇಳಿರುತ್ತೀರಿ, ಮಳೆ ಬಂದ ಮೇಲೆ ಹೊಸ ಬಣ್ಣ ಕಿತ್ತು ಬರುತ್ತದೆ. ಆಗ ಅವರು ಮಾರಿದವರನ್ನೊಬ್ಬರನ್ನೇ ಹಿಡಿಯುವುದಿಲ್ಲ, ನಡುವೆ ನಿಂತವರನ್ನೂ ಸೇರಿಸಿಯೇ ಎಳೆಯುತ್ತಾರೆ. ಎರಡೂ ಕಡೆಗೆ ನೀವೇ ಏಜೆಂಟ್ ಆಗಿದ್ದರಂತೂ ಮುಗೀತು.

ಕೇಸ್‌ನಲ್ಲಿ ಹುರುಳಿಲ್ಲದೇ ಇದ್ದರೂ ವಕೀಲರ ಫೀಸು ಕೊಡಲೇಬೇಕು ಅಲ್ವಾ? ನನ್ನ ಪ್ರಕಾರ ಪಾಲಿಸಿಯ ನಿಜವಾದ ಉಪಯೋಗ ಅಲ್ಲೇ ಇರುವುದು, ಪರಿಹಾರದ ದುಡ್ಡು ಆಮೇಲಿನ ಮಾತು.

ಕಡ್ಡಿಮುರಿ:
ಅಷ್ಟು ಹೊಗಳಬೇಡಿ. ವಕೀಲರ ಖರ್ಚು ಲಿಮಿಟ್‌ನ (ಕಂಪನಿ ಕೊಡುವ ಗರಿಷ್ಠ ಮೊತ್ತದ) ಒಳಗಾ ಹೊರಗಾ ಅಂತ ಯಾರೂ ನೋಡುವುದಿಲ್ಲ. ಒಳಗೆ ಅಂತಿದ್ದರೆ, ಲಿಮಿಟ್ 100 ಇದ್ದು ವಕೀಲರಿಗೇ 40 ಹೋದರೆ ಪರಿಹಾರಕ್ಕೆ ಉಳಿಯುವುದು 60. ಡಿಡಕ್ಟಿಬಲ್ (ಮೊದಲು ನಿಮ್ಮ ಕೈಯಿಂದಲೇ ಕೊಡಬೇಕಾದ ಪಾಲು) ಕೂಡ ಕೆಲವು ಕಡೆ ವಕೀಲರ ಮೊದಲ ಬಿಲ್‌ನಿಂದಲೇ ಶುರು. ಇನ್ನೂ ಒಂದಿದೆ, 'ಹ್ಯಾಮರ್ ಕ್ಲಾಸ್' ಅಂತ: ಕಂಪನಿ ರಾಜಿ ಮಾಡಿಕೊಳ್ಳೋಣ ಅನ್ನುತ್ತದೆ, ನೀವು 'ತಪ್ಪೇ ಮಾಡಿಲ್ಲ, ರಾಜಿ ಯಾಕೆ' ಅಂತೀರಿ, ಆ ಮೊತ್ತಕ್ಕಿಂತ ಮೇಲೆ ಬಿದ್ದದ್ದೆಲ್ಲ ಅಥವಾ ಅದರಲ್ಲಿ ಒಂದು ಪಾಲು ನಿಮ್ಮ ತಲೆಗೆ. ನಿಮ್ಮ ಸ್ವಂತ ಆಸ್ತಿ ಮಾರಿದ್ದಕ್ಕೆ ಎಷ್ಟೋ ಪಾಲಿಸಿಗಳಲ್ಲಿ ಕವರ್ ಇರುವುದಿಲ್ಲ, ಇದ್ದರೂ ಷರತ್ತು ಜಾಸ್ತಿ. ಮನೆ ತೋರಿಸುವಾಗ ಯಾರಾದರೂ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಅದು ಜನರಲ್ ಲಯಬಿಲಿಟಿ ಅನ್ನೋ ಬೇರೆ ಇನ್ಶೂರೆನ್ಸ್‌ನ ವಿಷಯ, ಈ ಪಾಲಿಸಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರೀಮಿಯಂ ಕಮ್ಮಿ ಅಂತ ನೋಡಿ ತಗೋಬೇಡಿ, ಅಷ್ಟೇ.

ಸ್ವಂತಬೋರ್ಡು:
ಎಲ್ಲರಿಗೂ ಥ್ಯಾಂಕ್ಸ್, ಕಣ್ಣು ಬಿಡಿಸಿದಿರಿ. ಇನ್ನೊಂದು ವಿಷಯ ಇದೆ. ಹಿಂದೆ ಮನೆ ಕೊಡಿಸಿದ ಒಬ್ಬರು ಮೊನ್ನೆ ಮೆಸೇಜ್ ಮಾಡಿದ್ದಾರೆ, 'ನೀವು ಹೇಳಿದ ಪಾರ್ಕಿಂಗ್ ಜಾಗ ನಮ್ಮ ಪತ್ರದಲ್ಲಿ ಇಲ್ಲವಂತೆ, ಇದಕ್ಕೆ ಏನು ಮಾಡ್ತೀರಿ' ಅಂತ. ಕೇಸ್ ಗೀಸ್ ಅಂತ ಏನೂ ಹೇಳಿಲ್ಲ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಇದನ್ನೂ ತಿಳಿಸಬೇಕಾ, ಸುಮ್ನೆ ಗಲಾಟೆ ಯಾಕೆ?

ಪಾಲಿಸಿಪುಟ:
ತಿಳಿಸಲೇಬೇಕು, ಅದೂ ಸಂಸ್ಥೆ ಬಿಡುವ ಮುಂಚೆ. ಕೇಸ್ ಆಗಬಹುದಾದ ಸಂದರ್ಭ ಗೊತ್ತಾದಾಗಲೇ ತಿಳಿಸಲು ಹೆಚ್ಚಿನ ಪಾಲಿಸಿಗಳಲ್ಲಿ ಅವಕಾಶ ಇರುತ್ತದೆ. ಈಗ ಬರವಣಿಗೆಯಲ್ಲಿ ತಿಳಿಸಿಟ್ಟರೆ, ನಾಳೆ ಅದು ಕೇಸ್ ಆದರೂ ಈಗಿನ ಪಾಲಿಸಿಯ ಲೆಕ್ಕಕ್ಕೇ ಹೋಗುತ್ತದೆ. ನಿಮ್ಮ ಸಂಸ್ಥೆಯ ಬ್ರೋಕರ್ ಮೂಲಕ ಕಳಿಸಿ, ಕಳಿಸಿದ್ದಕ್ಕೆ ಪ್ರತಿ ಇಟ್ಟುಕೊಳ್ಳಿ. ಹೊಸ ಪಾಲಿಸಿಯ ಅರ್ಜಿಯಲ್ಲೂ 'ಕ್ಲೇಮ್ ಬರಬಹುದಾದ ಯಾವುದಾದರೂ ವಿಷಯ ಗೊತ್ತಿದೆಯಾ' ಅಂತ ಕೇಳುತ್ತಾರೆ. ಅಲ್ಲಿ 'ಇಲ್ಲ' ಅಂತ ಟಿಕ್ ಹಾಕಿದರೆ ಆ ಕ್ಲೇಮ್ ಅಂತೂ ಹೋಯಿತು, ಪಾಲಿಸಿಯನ್ನೇ ರದ್ದು ಮಾಡಿದರೂ ಮಾಡಬಹುದು.

ಹಳೇಕೀಲಿ:
ಆ ಮೆಸೇಜ್ ಡಿಲೀಟ್ ಮಾಡಬೇಡಿ. 'ನನ್ನಿಂದ ತಪ್ಪಾಯ್ತು, ಏನಾದರೂ ಕೊಟ್ಟು ಸರಿ ಮಾಡೋಣ' ಅಂತ ಬರೆಯಲೂ ಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಂಡರೆ ಕವರ್‌ಗೇ ಕುತ್ತು. 'ನಿಮ್ಮ ಮೆಸೇಜ್ ನೋಡಿದೆ, ಕಾಗದಪತ್ರ ನೋಡಿ ತಿಳಿಸುತ್ತೇನೆ' ಅಂತ ಈಗ ಒಂದು ಸಾಲು ಕಳಿಸಿ. ಆ ಡೀಲ್‌ನ ಫೈಲು, ಇಮೇಲ್, ಪಾರ್ಕಿಂಗ್ ಬಗ್ಗೆ ಮಾರಿದವರು ಏನು ಬರೆದುಕೊಟ್ಟಿದ್ದರು ಅನ್ನುವುದೆಲ್ಲ ಆಫೀಸಿನ ಕಂಪ್ಯೂಟರ್‌ನಲ್ಲಿ ತಾನೇ ಇರುವುದು? ಅದು ನಿಮ್ಮ ಕೈ ಬಿಟ್ಟುಹೋಗುವ ಮುಂಚೆ ಬ್ರೋಕರ್ ಹತ್ತಿರ ಕೇಳಿ ಒಂದು ಪ್ರತಿ ತಗೊಳ್ಳಿ.